ಹೊಗೆಗೊಂದು ಮರ

ಹದಿನೇಳು ವರ್ಷ ಮಿಲಿಟರಿಯ ಅಡುಗೆಮನೆಯಲ್ಲಿ
ರೊಟ್ಟಿ ಸುಟ್ಟು ಬಂದವರು ಇವರು.
ತಂದದ್ದು ಒಂದು ಟ್ರಂಕು, ಒಂದು ಪಿಂಚಣಿ ಪುಸ್ತಕ,
ಮತ್ತೆ ನಾಗಾ ಬೆಟ್ಟದ ಯಾವುದೋ ಮುದುಕಿಯ ಒಲೆ ಮೇಲೆ
ಮೂರು ತಿಂಗಳು ನೇತಾಡಿದ ಮಾಂಸದ ರುಚಿ,
ನಾಲಿಗೆಯ ಕೆಳಗೆ,
ಯಾವ ಚೆಕ್‌ಪೋಸ್ಟಿನವರಿಗೂ ಸಿಗದ ಹಾಗೆ.

"ಅಲ್ಲಿ ಓಕ್ ಅಂತ ಒಂದು ಮರ" ಅಂದರು.
"ಇಲ್ಲಿ ಚಳ್ಳಕೆರೆ ಅಂತ ಒಂದು ಬಿಸಿಲು" ಅಂದೆ.

ಎಣ್ಣೆ ಮಿಲ್ಲಿನ ಹಳೇ ಡ್ರಮ್ಮು ಇನ್ನೂರಕ್ಕೆ ಸಿಕ್ಕಿತು.
ಸೋಡಾಪುಡಿ ಹಾಕಿ ನಾಲ್ಕು ಸಲ ತಿಕ್ಕಿದರೂ
ಶೇಂಗಾ ವಾಸನೆ ಬಿಡಲಿಲ್ಲ.
ಇರಲಿ, ಅದೂ ಈ ಊರಿನದೇ.

ಮೊದಲು ಬಳ್ಳಾರಿ ಜಾಲಿ.
ಕಾಸಿಲ್ಲ, ಕೇಳುವವರಿಲ್ಲ, ಕೆರೆಯಂಗಳದ ತುಂಬ ಅದೇ.
ಉರಿಯಿತು ನೋಡಿ, ದಗದಗ ಉರಿಯಿತು;
ಹೊಗೆಯಾಡುವ ತಾಳ್ಮೆ ಅದಕ್ಕೆಲ್ಲಿ?
ಖಂಡ ಹೊರಗೆ ಕರಿ, ಒಳಗೆ ಹಸಿ.
ಇವರ ಹೆಬ್ಬೆರಳಲ್ಲಿ ಮುರಿದ ಮುಳ್ಳು ಒಂದು ವಾರ.

ಬೇವು ಬೇಡ ಅಂದೆ. ಕೇಳಲಿಲ್ಲ.
ಆ ಭಾನುವಾರ ನಮ್ಮನೆಯಲ್ಲಿ ಯುಗಾದಿ,
ಬೆಲ್ಲ ಮಾತ್ರ ಇರಲಿಲ್ಲ.

ಹೊಂಗೆಗೆ ಸೊಳ್ಳೆ ಸತ್ತವು.
ಪಕ್ಕದ ಮನೆ ತಿಪ್ಪಕ್ಕ ಬಂದು
ಪುಣ್ಯ ಬರಲಿ ಅಂತ ಹರಸಿ ಹೋದಳು.

ಹಿರಿಯೂರು ಕಡೆಯ ದಾಳಿಂಬೆ ತೋಟದಲ್ಲಿ
ಸವರಿದ ಕೊಂಬೆ ರಾಶಿ ರಾಶಿ.
ತೋಟದವನು ಒಳ್ಳೆಯವನು:
"ಬಚ್ಚಲಿಗಾದರೆ ಹೇರಿಕೊಂಡು ಹೋಗ್ರಿ, ಬಾಯಿಗಾದರೆ ಬ್ಯಾಡ.
ಔಷಧಿ ಎಷ್ಟು ಸಲ ಹೊಡೆದೆ ಅಂತ ನನಗೇ ಲೆಕ್ಕ ತಪ್ಪೈತೆ."

ಸೌದೆ ಡಿಪೋದಲ್ಲಿ ದಾದಾಪೀರ್ ಚಾಚಾ
ಒಂದೊಂದೇ ಕೊರಡೆತ್ತಿ, ಚಕ್ಕೆ ಎಬ್ಬಿಸಿ ಮೂಸಿ,
ಕಲ್ಲಂಗಡಿ ತಟ್ಟುವ ಹಾಗೆ ತಟ್ಟಿ ಕೆಳಗಿಟ್ಟ.
"ಹುಣಸೆ ತಗೊಳ್ಳಿ. ಬಿರಿಯಾನಿ ಕಟ್ಟಿಗೆ.
ಕೆಂಡ ಕೊಡ್ತದೆ. ಹೊಗೆ ಮಾತ್ರ ಕೇಳಬೇಡಿ ಅದನ್ನ."

"ಮಾವನ ಹೊಲದ ಬದುವಿನಲ್ಲಿ ಒಂದು ಬನ್ನಿ…" ಅಂತ ತೆಗೆದ ಇವರು
ನನ್ನ ಮುಖ ನೋಡಿ
ಉಳಿದ ಮಾತು ನುಂಗಿದರು.

ನಾನೇ ಅಂದದ್ದು, ಸಿಟ್ಟಿಗೆ ಅಂದದ್ದು:
"ಊರ ಹೆಸರಲ್ಲೇ ಒಂದು ಮರ ಇದೆಯಲ್ಲ,
ಅದನ್ನ್ಯಾಕೆ ಬಿಟ್ಟಿರಿ?"
ಚಾಚಾ ನಕ್ಕ. "ನಮಗೇ ಚಳ್ಳೆಹಣ್ಣು ತಿನ್ನಿಸ್ತೀಯೇನಮ್ಮ?"
ನಕ್ಕು ಮುಗಿದ ಮೇಲೆ
ಮೂವರೂ ಸುಮ್ಮನೆ ನಿಂತೆವು.
ಚಳ್ಳಕೆರೆಯಲ್ಲಿ
ಚಳ್ಳೆ ಮರ
ಎಲ್ಲಿದೆ?

ಆರು ಸಂತೆ ಕಳೆದವು.
ಕುರಿ ಕಾಯುವವರನ್ನು ಕೇಳಿದರು, ಕಂಬಳಿ ನೇಯುವವರನ್ನು ಕೇಳಿದರು,
ಎಲ್ಲರೂ ಕಂಡವರೇ, ಎಲ್ಲರೂ ಹೋದ ವರ್ಷ ಕಂಡವರು.

ಸಿಕ್ಕಿದ್ದು ನಾನು ಓದಿದ ಶಾಲೆಯ ಹಿಂದೆ.
ಆ ಹಣ್ಣಿನ ಲೋಳೆಯಲ್ಲೇ ಅಲ್ಲವೇ
ಹರಿದ ಭೂಗೋಳದ ಪುಸ್ತಕ ಅಂಟಿಸಿದ್ದು,
ನಾಗಾ ಬೆಟ್ಟವೂ ಅದೇ ಹಾಳೆಯಲ್ಲಿ ಇತ್ತೋ ಏನೋ.
ತಂತಿಗೆ ತಾಗುತ್ತದೆ ಅಂತ ಲೈನ್‌ಮನ್ ಕಡಿದು
ಬಿಸಾಕಿದ್ದ ಒಂದು ಕೊಂಬೆ. ತೋಳಿನಷ್ಟು ದಪ್ಪ.
ಸೈಕಲ್ಲಿಗೆ ಕಟ್ಟಿ ತಂದರು, ಕೂಸಿನ ಹಾಗೆ.
ಎರಡು ತಿಂಗಳು ತಾರಸಿಯ ಮೇಲೆ ಒಣಗಿತು.

ಬೆಳಗಿನ ಜಾವ ನಾಲ್ಕಕ್ಕೆ ಹಚ್ಚಿದರು,
ಹುಣಸೆ ಕೆಂಡದ ಮೇಲೆ ಚಳ್ಳೆಯ ಚಕ್ಕೆ.
ಟಗರಿನ ತೊಡೆಯ ಪಟ್ಟಿಗಳು, ಉಪ್ಪು, ಅರಿಶಿನ, ಒಂದಿಷ್ಟು ಕಾರ.
ಹೊಗೆ ತೆಳ್ಳಗೆ, ನೀಲಿ,
ಎಲ್ಲಿಗೂ ಹೋಗಬೇಕಿಲ್ಲದವರ ಹಾಗೆ ಎದ್ದಿತು.
ಕಣ್ಣಿಗೆ ಬರಲಿಲ್ಲ.
ಸಂಜೆ ಹೊತ್ತಿಗೆ ಖಂಡಕ್ಕೆ ಬೆಲ್ಲದ ಬಣ್ಣ.

ಇವರು ಕಣ್ಣು ಮುಚ್ಚಿ ಅಗಿದರು.
ನಾನು ಸೆರಗು ಹಿಂಡುತ್ತ ನಿಂತೆ,
ನನಗ್ಯಾಕೆ ಅಷ್ಟು ಆತಂಕವೋ.
"ಅಲ್ಲಿಯದಲ್ಲ" ಅಂದರು.
"ಚೆನ್ನಾಗಿಲ್ಲವಾ?"
"ಅಲ್ಲಿಯದಲ್ಲ ಅಂದೆ, ಅಷ್ಟೇ."
ಎರಡನೆಯ ತುಂಡಿಗೆ ಕೈ ಹಾಕಿಯಾಗಿತ್ತು.

ಗೋಡೆಯಾಚೆಯಿಂದ ತಿಪ್ಪಕ್ಕ:
"ಈ ಸಲದ ಹೊಗೆಗೆ ಸೊಳ್ಳೆ ಸಾಯಲಿಲ್ಲ ಕಣವ್ವ."
ಇಲ್ಲ ಅಂದೆ.
ತಟ್ಟೆ ಚಾಚಿದೆ.